ತೂಬಿನ ನೇರಕ್ಕೆ ಮುಳುಗಿದ ತೆಪ್ಪ

ನಮ್ಮೂರ ಕೆರೆ ಕೋಡಿ ಬಿದ್ದರೆ ಊರಮ್ಮನನ್ನು ತೆಪ್ಪದ ಮೇಲೆ ಕೂರಿಸಿ ನೀರಿನಲ್ಲಿ ಒಂದು ಸುತ್ತು ಹಾಕಿಸಬೇಕು. ಆ ತೆಪ್ಪ ಕಟ್ಟುವ ಕೆಲಸ ನಮ್ಮ ಮನೆಯದು. ಮನೆಯ ಹಿರಿಯ ಮಗ ಕಟ್ಟಬೇಕು, ಕಿರಿಯ ಮಗ ಗಳ ಹಿಡಿದು ನಡೆಸಬೇಕು. ಕಟ್ಟಿದವನು ಅದರ ಮೇಲೆ ಕಾಲಿಡುವಂತಿಲ್ಲ, ಏರಿಯ ಮೇಲೆ ನಿಂತು ನೋಡಬೇಕು. ಯಾಕೆ ಹೀಗೆ ಎಂದು ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದ್ದೆ.

"ತಮ್ಮ ಹತ್ತೋ ತೆಪ್ಪನ ಯಾವನಾದ್ರೂ ಸಡ್ಲ ಕಟ್ತಾನೇನ್ಲಾ?" ಎಂದಿದ್ದ.

ಅಪ್ಪ ಒಂದು ಸಲವೂ ಕಟ್ಟಲಿಲ್ಲ. ಅವನ ಕಾಲದಲ್ಲಿ ಕೆರೆ ತುಂಬಲೇ ಇಲ್ಲ. ಮಂಚದ ಕಾಲಿಗೆ ಹಗ್ಗ ಸುತ್ತಿ ಗಂಟು ಹಾಕುವುದನ್ನು ಮಾತ್ರ ನನಗೆ ಕಲಿಸಿ ತೀರಿಕೊಂಡ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ, ಬಡವನಹಳ್ಳಿಯಲ್ಲಿ ಒಬ್ಬರ ಹತ್ತಿರ ಪಂಚರ್ ಹಾಕುವುದನ್ನು ಕಲಿತು ಆಮೇಲೆ ಅಲ್ಲೇ ಸ್ವಂತ ಅಂಗಡಿ ಇಟ್ಟೆ. ನನಗೂ ತಮ್ಮನಿಗೂ ಕೆರೆ ಎಂದರೆ ಕ್ರಿಕೆಟ್ ಆಡುವ ಬಯಲು, ಜಾಲಿ ಸೌದೆ ಕಡಿಯುವ ಜಾಗ, ಅಷ್ಟೇ. ಈಜು ಕಲಿತದ್ದು ತೋಟದ ಬಾವಿಯಲ್ಲಿ. ಅದರಲ್ಲೂ ನಾನು ದಡ ಮುಟ್ಟುವಷ್ಟು ಕಲಿತೆ. ತಮ್ಮ ಮಾತ್ರ ಬಾವಿಯ ತಳ ಮುಟ್ಟಿ ಹಿಡಿ ಮಣ್ಣು ತಂದು ತೋರಿಸುತ್ತಿದ್ದ. ಆ ಈಜೇ ಅವನನ್ನು ಕಡಲ ಕಡೆಗೆ ಕರೆದುಕೊಂಡು ಹೋಯಿತು. ಪ್ರವಾಸಿಗರಿಗೆ ಕಣ್ಣಿಗೆ ಗಾಜು, ಬಾಯಿಗೆ ಕೊಳವೆ ಕೊಟ್ಟು ನೀರಿಗಿಳಿಸಿ ಮೀನು ತೋರಿಸುವ ದೋಣಿಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು.

ಕೆಲವು ವರ್ಷಗಳ ಹಿಂದೆ ಮುಂಗಾರು, ಹಿಂಗಾರು ಎರಡೂ ಬಿಡದೆ ಹುಯ್ದ ವರ್ಷ ನಮ್ಮ ಕೆರೆ ಕೋಡಿ ಬಿತ್ತು. ಮುದುಕರು ಕೋಡಿಯ ಕಲ್ಲಿನ ಹತ್ತಿರ ಕೂತು ಅತ್ತರು. ಫೋನ್ ಮಾಡಿದ ಮೂರನೇ ದಿನಕ್ಕೆ ತಮ್ಮ ರಜೆ ಹಾಕಿ ಬಂದ. ಕೊರಟಗೆರೆ ಕಡೆಯ ಒಂದು ಹುಡುಗಿಯನ್ನು ಅವನಿಗೆ ನೋಡಿದ್ದೆವು. ಆ ಮಾತೂ ಹಾಗೇ ಮುಗಿಸೋಣ ಎಂದಿತ್ತು.

ಹಿಂದೆ ತೆಪ್ಪವನ್ನು ಬಾಳೆದಿಂಡಿನಲ್ಲೋ ಮರದಲ್ಲೋ ಕಟ್ಟುತ್ತಿದ್ದರಂತೆ. ನೋಡಿದವರು ಯಾರೂ ಉಳಿದಿರಲಿಲ್ಲ. ನಾನು ಶಿರಾದ ಗುಜರಿಯಿಂದ ನೀಲಿ ಪ್ಲಾಸ್ಟಿಕ್ ಡ್ರಮ್‌ಗಳನ್ನು ತಂದೆ. "ಪಕ್ಕಾ ಮಾಲು ಭಾಯ್, ಒಂದು ಹನಿ ಒಳಗೆ ಹೋಗಲ್ಲ" ಎಂದು ಗುಜರಿಯವನು ಡ್ರಮ್ಮಿನ ಮೇಲೆ ಬಡಿದು ತೋರಿಸಿದ. ನಾನೂ ಬಡಿದೆ. ಸದ್ದು ಚೆನ್ನಾಗಿತ್ತು. ಪಂಚರ್ ಅಂಗಡಿಯವನು ಯಾವ ಟ್ಯೂಬನ್ನೂ ಸದ್ದು ಕೇಳಿ ಒಪ್ಪುವುದಿಲ್ಲ. ಆದರೂ ಒಪ್ಪಿದೆ.

ಬಿದಿರು ಹಾಸಿ, ಅಡಿಯಲ್ಲಿ ಡ್ರಮ್ ಸೇರಿಸಿ, ಅಪ್ಪ ಕಲಿಸಿದ ಗಂಟುಗಳನ್ನೇ ಹಾಕಿ ಕಟ್ಟಿದೆ. ಕೊನೆಯ ಮೂಲೆಗೆ ಉಳಿದಿದ್ದ ಡ್ರಮ್ಮನ್ನು ದನ ನೀರು ಕುಡಿಯುವ ತೊಟ್ಟಿಯಲ್ಲಿ ಯಾಕೋ ಒತ್ತಿ ನೋಡಿದೆ. ತಳದಿಂದ ಗುಳ್ಳೆ ಎದ್ದವು. ಕೂದಲೆಳೆಯಂಥ ಬಿರುಕು.

ಅದು ತೆಪ್ಪ ಬಿಡುವ ಹಿಂದಿನ ಸಂಜೆ. ಮತ್ತೆ ಶಿರಾಕ್ಕೆ ಹೋಗಿ ಬರಲು ಹೊತ್ತಿತ್ತು. ಆದರೆ ಊರ ಯಜಮಾನರೆಲ್ಲ ಏರಿಯ ಮೇಲೆ ಕೂತಿದ್ದರು. ಬಂದವರೆಲ್ಲ ನನ್ನನ್ನು, ತೆಪ್ಪವನ್ನು ಫೋನಿನಲ್ಲಿ ಹಿಡಿಯುತ್ತಿದ್ದರು. "ಗಂಟು ಹಾಕೋದ್ರಲ್ಲಿ ಅಪ್ಪನ ಕೈ ಬಂದೈತೆ ಬುಡು ಇವ್ನಿಗೆ" ಎಂದು ಒಬ್ಬರು ಹೇಳಿದ್ದು ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು. ಇದೊಂದು ಡ್ರಮ್ ಕಟ್ಟಿದರೆ ಮುಗಿಯಿತು ಎಂದು ನಾನೇ ಕೂಗಿ ಹೇಳಿಯೂ ಆಗಿತ್ತು. ಈಗ ಹೋಗಿ, ತೂತು ಡ್ರಮ್ ತಂದಿದ್ದೇನೆ ಎನ್ನಲು ನಾಚಿಕೆಯಾಯಿತು. ಅಂಗಡಿಯಿಂದ ಟ್ಯೂಬಿನ ರಬ್ಬರ್ ತಂದು, ತೊಟ್ಟಿಯ ಮರೆಯಲ್ಲಿ ಕೂತು ದುಂಡಗೆ ಕತ್ತರಿಸಿ, ಉಜ್ಜಿ, ಸಲ್ಯೂಷನ್ ಹಚ್ಚಿ ಬಿರುಕಿನ ಮೇಲೆ ಒತ್ತಿದೆ. ಸಲ್ಯೂಷನ್ ರಬ್ಬರಿಗೆ ರಬ್ಬರನ್ನು ಹಿಡಿಸುತ್ತದೆ, ಪ್ಲಾಸ್ಟಿಕ್ಕಿಗೆ ಹಿಡಿಸುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಗಂಟೆ ನಿಂತರೆ ಸಾಕು ಎಂದುಕೊಂಡೆ.

ತಮ್ಮ ಬಂದು ಬಿದಿರಿನ ಮೇಲೆ ಕುಣಿದು ನೋಡಿದ. "ಎಲ್ಲಾ ಡ್ರಮ್ಮೂ ನೀರಲ್ಲಿ ಒತ್ತಿ ನೋಡ್ದಾ ಅಣ್ಣ?"

"ಪಂಚರ್ ಅಂಗ್ಡಿ ಇಟ್ಟಿರೋನಿಗೆ ಪಾಠ ಹೇಳಾಕ್ ಬತ್ತೀಯೇನ್ಲಾ? ಸಮುದ್ರ ನೋಡ್ಬಂದ್ಬುಟ್ಟೆ ಅಂತ ಕೊಬ್ಬು ನಿಂಗೆ."

"ಅಂಗಲ್ಲ ಅಣ್ಣ, ಅಮ್ಮನ ಪಕ್ಕ ಕೂರೋ ಪೂಜಾರಪ್ಪಂಗೆ ಈಜು ಬರಾಕಿಲ್ಲ. ಅದ್ಕೇ ಕೇಳ್ದೆ."

"ಪೂಜಾರಪ್ಪನ ತೂಕ ನೋಡಿದ್ರೆ ಅವ್ರೇ ಡ್ರಮ್ ಇದ್ದಂಗವ್ರೆ, ತೇಲ್ತಾರೆ ಬುಡು" ಎಂದೆ. ಅವನು ನಕ್ಕ. ನಾನೂ ನಕ್ಕೆ.

ಮಾರನೆಯ ದಿನ ಮಧ್ಯಾಹ್ನ ಅಮ್ಮನನ್ನು ಕೂರಿಸಿದರು. ಮೊಣಕೈ ಉದ್ದದ ಪಂಚಲೋಹದ ಮೂರ್ತಿ. ಪಕ್ಕದಲ್ಲಿ ಪೂಜಾರಪ್ಪ, ಹಿಂದೆ ಗಳ ಹಿಡಿದು ನನ್ನ ತಮ್ಮ. ತೆಪ್ಪ ದಡ ಬಿಟ್ಟಾಗ ಏರಿಯುದ್ದಕ್ಕೂ ಜನ ಕೂಗಿದರು. ಕೆರೆಯ ನಡುವೆ ಹೋಗುವ ಹೊತ್ತಿಗೆ ಒಂದು ಮೂಲೆ ತಗ್ಗಿತು. ಯಾವ ಮೂಲೆ ಎಂದು ಆ ಜನರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಪೂಜಾರಪ್ಪ ಗಾಬರಿಯಿಂದ ಎದ್ದು ನಿಂತರು, ನಿಂತಲ್ಲೇ ಜಾರಿ ನೀರಿಗೆ ಬಿದ್ದರು. ತಮ್ಮ ಗಳ ಬಿಟ್ಟು ಧುಮುಕಿ ಅವರನ್ನು ಕತ್ತಿನಡಿ ಹಿಡಿದು ದಡಕ್ಕೆ ಎಳೆದು ತಂದ. ತಂದು ಹಾಕಿದವನೇ ಮತ್ತೆ ಈಜಿಕೊಂಡು ತೆಪ್ಪಕ್ಕೆ ಹೋದ. ಅಷ್ಟರಲ್ಲಿ ಗುಡುಗು, ಗಾಳಿ, ಎದುರಿಗಿದ್ದವನ ಮುಖ ಕಾಣದ ಮಳೆ. ಜನ ಗುಡಿಯ ಕಡೆಗೆ ಓಡಿದರು. ಸ್ವಲ್ಪ ಹೊತ್ತಿಗೆ ತಮ್ಮ ಬರಿಗೈಯಲ್ಲಿ ದಡಕ್ಕೆ ಬಂದು ಬಿದ್ದ. ತೆಪ್ಪ ವಾಲಿದೆ, ಮುಳುಗಿಲ್ಲ, ಅಮ್ಮನನ್ನು ಹೊತ್ತು ಈಜಲಾಗಲಿಲ್ಲ, ಬಿದಿರಿಗೆ ತನ್ನ ಟವೆಲ್ಲಿನಿಂದ ಬಿಗಿಯಾಗಿ ಕಟ್ಟಿ ಬಂದಿದ್ದೇನೆ ಎಂದ. ಅವನನ್ನು ಗುಡಿಗೆ ಎತ್ತಿಕೊಂಡು ಹೋದರು.

ನಾನು ಏರಿಯ ಮೇಲೇ ನಿಂತಿದ್ದೆ. ಗಾಳಿ ತೆಪ್ಪವನ್ನು ತೂಬಿನ ಕಡೆಗೆ ತಳ್ಳುತ್ತಾ ಬಂತು. ಮಳೆ ಒಂದು ಗಳಿಗೆ ತೆಳುವಾಯಿತು. ತೂಬಿನ ಕಲ್ಲುಕಂಬದ ನೇರಕ್ಕೆ, ಮಧುಗಿರಿ ಬೆಟ್ಟದ ಮೂಗು ಕಾಣುವ ದಿಕ್ಕಿಗೆ, ಏರಿಯಿಂದ ನೂರು ಮಾರು ಒಳಗೆ ಅದು ಮೂಲೆ ಕೆಳಗಾಗಿ ಒಳಗೆ ಹೋಯಿತು. ಉಳಿದ ಡ್ರಮ್ಮುಗಳಿಗೂ ನೀರು ನುಗ್ಗಿರಬೇಕು, ಅವನ್ನು ನಾನು ಒತ್ತಿ ನೋಡಿರಲೇ ಇಲ್ಲ. ಎಲ್ಲಿ ಮುಳುಗಿತು ಎಂದು ಆಮೇಲೆ ಕೇಳಿದರು. "ಮಳೇಲಿ ಏನೂ ಕಾಣ್ಲಿಲ್ಲ" ಎಂದೆ.

ತೆಪ್ಪ ಮೇಲೆ ಬಂದರೆ ಡ್ರಮ್ ಬರುತ್ತದೆ. ಡ್ರಮ್ ಬಂದರೆ ಅದರ ಮೇಲೆ ನನ್ನ ಅಂಗಡಿಯ ರಬ್ಬರ್ ತೇಪೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಆ ಹೊತ್ತಿಗೆ ತಮ್ಮನ ಮೇಲೆ ಯಾರ ಬೆರಳೂ ಎದ್ದಿರಲಿಲ್ಲ.

ಬೆರಳು ಎದ್ದದ್ದು ಒಂದು ವಾರದ ಮೇಲೆ. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿಗೆ ಹಗ್ಗ ಕಟ್ಟಿ ಕೆರೆಯೆಲ್ಲ ಎಳೆದಾಡಿದರು. ಜಾಲಿಮುಳ್ಳಿನ ಕೊಂಬೆ ಬಿಟ್ಟು ಏನೂ ಸಿಗಲಿಲ್ಲ. ನೀರು ಕೆಮ್ಮಣ್ಣಿನ ಬಣ್ಣಕ್ಕಿತ್ತು, ಮುಳುಗಿ ನೋಡಿದವರಿಗೆ ಸ್ವಂತ ಕೈಯೇ ಕಾಣುತ್ತಿರಲಿಲ್ಲ. ಆಗ ನನ್ನ ಅಂಗಡಿಯ ಮುಂದೆಯೇ, ನನಗೆ ಬೆನ್ನು ಮಾಡಿ ಕೂತು ಒಬ್ಬ ಹೇಳಿದ:

"ಪೂಜಾರಪ್ಪನ್ನ ಬದುಕ್ಸಿದ್ದು ಸರಿ ಕಣಪ್ಪ. ಮತ್ತೆ ಯಾಕೆ ವಾಪಸ್ ಹೋದ? ಹೋದೋನು ಬರೀ ಕೈಲಿ ಬಂದ. ಸಮುದ್ರದ್ ಕಡೆ ಅಂಥದ್ದನ್ನ ತಗಳ್ಳೋರು ಸಾಲಾಗ್ ನಿಂತಿರ್ತಾರೆ."

ಇನ್ನೊಬ್ಬ, "ಅವ್ನಿಗೆ ನೀರೊಳಗೇ ಎಲ್ಲೋ ಬಚ್ಚಿಡಾಕೂ ಬತ್ತದೆ ಬುಡು" ಎಂದ.

ನಾನು ಟ್ಯೂಬ್ ಉಜ್ಜುತ್ತಾ ಇದ್ದೆ. ಉಜ್ಜುತ್ತಲೇ ಇದ್ದೆ.

ಮಾತು ಊರು ದಾಟಿತು. ಕೊರಟಗೆರೆಯವರು ಹುಡುಗಿಗೆ ಇನ್ನೂ ಓದುವ ಮನಸ್ಸಿದೆ ಎಂದು ಹೇಳಿ ಕಳಿಸಿದರು. ತಮ್ಮ ಕಡಲಿಗೆ ವಾಪಸ್ ಹೋಗಲಿಲ್ಲ. "ಈಗ ಹೋದ್ರೆ ಕದ್ದೋನು ಓಡೋದ ಅಂತಾರೆ. ಅಮ್ಮನ್ನ ಎತ್ತಿ ಇವ್ರ ಮುಂದೆ ಇಟ್ಟೇ ಹೋಗೋದು ಅಣ್ಣ" ಎಂದ. ಅವನಿಗೆ ಉಳಿದಿದ್ದ ದಾರಿ ಅದೊಂದೇ. ಮುಳುಗಿದ ತೆಪ್ಪ ಸಿಗಬೇಕು, ಅದರಲ್ಲಿ ಅವನ ಟವೆಲ್ಲಿನ ಗಂಟು ಸಿಗಬೇಕು.

ನೀರು ತಿಳಿಯಾಗಲಿ ಎಂದು ಚಳಿಗಾಲದವರೆಗೆ ಕಾದ. ಕಡಲ ಕಡೆ ಮುಳುಗಿದ ಹಳೆಯ ದೋಣಿಗಳನ್ನು ಹೇಗೆ ಹುಡುಕುತ್ತಾರೆ ಎಂದು ನನಗೆ ನೆಲದ ಮೇಲೆ ಗೀರಿ ತೋರಿಸಿದ. ದೋಣಿಯ ಹಿಂದೆ ಉದ್ದ ಹಗ್ಗ, ಹಗ್ಗದ ತುದಿಗೆ ಒಂದು ಹಲಗೆ. ಹಲಗೆ ಹಿಡಿದವನು ಮುಖವನ್ನು ನೀರಿನಲ್ಲಿಟ್ಟು ಬೋರಲು ಮಲಗುತ್ತಾನೆ. ಕಣ್ಣಿಗೆ ಗಾಜು, ಉಸಿರಿಗೆ ಕೊಳವೆ. ದೋಣಿ ಎಳೆದುಕೊಂಡು ಹೋದಂತೆ ಅವನು ತಳ ನೋಡುತ್ತಾ ಹೋಗುತ್ತಾನೆ. ಹೊಲ ಉತ್ತ ಹಾಗೆ ಸಾಲು ಸಾಲಾಗಿ ಎಳೆಯಬೇಕು. ಹಗ್ಗ ಒಂದು ಸಲ ಜಗ್ಗಿದರೆ ನಿಲ್ಲಿಸು ಎಂದು ಅರ್ಥ.

"ಮಲಗಿರೋನ್ಗೆ ತಳ ಬಿಟ್ರೆ ಬೇರೇನೂ ಕಾಣಾಕಿಲ್ಲ ಅಣ್ಣ. ಎಲ್ಲಿದ್ದೀನಿ ಅಂತ್ಲೂ ಗೊತ್ತಾಗಾಕಿಲ್ಲ. ಎಳೆಯೋನೇ ಅವ್ನ ಕಣ್ಣು. ಅದ್ಕೇ ನೀನೇ ಬೇಕು. ಇವ್ರಲ್ಲಿ ಯಾರ್ನೂ ನಂಬಾಕಿಲ್ಲ ನಾನು."

ಕೆರೆಯ ಮೀನು ಹಿಡಿಯಲು ಪಾವಗಡದ ಆಚೆಯಿಂದ ಬಂದಿದ್ದವನೊಬ್ಬ ತನ್ನ ಹರಿಗೋಲು ಕೊಟ್ಟ. ಬುಟ್ಟಿಯಂಥ ಆ ದೋಣಿಗೆ ಮುಂದು ಹಿಂದು ಇಲ್ಲ. ನಾನು ಹುಟ್ಟು ಹಾಕಿದರೆ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು. ಅವನು ದಡದಲ್ಲಿ ಬಲೆ ಬಿಡಿಸುತ್ತಾ, "ಏಂ ಸಾಮೀ, ಗಾನುಗ ತಿಪ್ಪುತಾಂಡಾವಾ?" ಎಂದು ಕೂಗುತ್ತಿದ್ದ, ಏನು ಸ್ವಾಮಿ, ಗಾಣ ತಿರುಗಿಸುತ್ತಿದ್ದೀಯಾ ಎಂದು. ತಮ್ಮ ನೀರಿನಲ್ಲಿ ತೇಲಿಕೊಂಡೇ ನಗುತ್ತಿದ್ದ. ಆ ದಿನಗಳಲ್ಲಿ ಅವನು ನಕ್ಕದ್ದು ಅಷ್ಟೇ. ನಿಧಾನಕ್ಕೆ ಹುಟ್ಟನ್ನು ಮುಂದೆ ಇಳಿಸಿ ನನ್ನ ಕಡೆಗೆ ಎಳೆದುಕೊಳ್ಳುವುದನ್ನು ಕಲಿತೆ. ಹರಿಗೋಲು ನೇರಕ್ಕೆ ಹೋಗತೊಡಗಿತು.

ಬೆಳಿಗ್ಗೆ ಬಿಸಿಲು ಏರಿದ ಮೇಲೆ ಇಳಿಯುತ್ತಿದ್ದೆವು. ಬಿಸಿಲು ನೆಟ್ಟಗೆ ಬಿದ್ದರೇ ತಳ ಕಾಣುವುದು. ಹಿಂದೆ ತಿರುಗಿದರೆ ಅವನ ಬೆನ್ನು, ಕೊಳವೆಯ ತುದಿ, ಅಗಲಿಸಿದ ಕಾಲುಗಳು. ಹೆಣದ ಹಾಗೆ ಕಾಣುತ್ತಿದ್ದ. ನಡುನಡುವೆ ತಲೆ ಎತ್ತಿ ಕೊಳವೆ ತೆಗೆದು ಹೇಳುತ್ತಿದ್ದ: "ಅಣ್ಣ, ನಾವ್ ಕ್ರಿಕೆಟ್ ಆಡ್ತಿದ್ದ ಕಲ್ಲು ಐತೆ ಇಲ್ಲಿ." "ಜಾಲಿಮರ ಇನ್ನೂ ನಿಂತವೆ ಕಣಣ್ಣ, ಎಲೆ ಇಲ್ಲ, ಮುಳ್ಳಷ್ಟೇ." ಒಂದು ದಿನ ಅವನ ಹೊಟ್ಟೆಯ ಮೇಲೆ ಉದ್ದಕ್ಕೆ ಮುಳ್ಳು ಗೀರಿತ್ತು. ನಾನೇ ಅರಿಸಿನ ಹಚ್ಚಿದೆ.

ಕೋಡಿಯ ಕಡೆಯಿಂದ ಶುರು ಮಾಡಿ, ಗುಡಿಯ ಮುಂದಿನ ನೀರು, ನಡುಗೆರೆ, ಹಳ್ಳ ಬಂದು ಸೇರುವ ಬಾಯಿ, ಎಲ್ಲಾ ಕಡೆ ಎಳೆದೆ. ತೂಬಿನ ನೇರ ಬಂದಾಗ ಹುಟ್ಟನ್ನು ಸ್ವಲ್ಪ ಓರೆ ಮಾಡುತ್ತಿದ್ದೆ. ಸಾಲು ಆ ಜಾಗವನ್ನು ಬಳಸಿಕೊಂಡು ಹೋಗುತ್ತಿತ್ತು. "ಇಲ್ಲಿ ಸಾಲು ಬಿಟ್ಟೋಯ್ತಾ?" ಎಂದು ಅವನು ಒಂದೆರಡು ಸಲ ಕೇಳಿದ. "ಎಲ್ಲಾ ಆಯ್ತು, ನಿಂಗ್ ಗೊತ್ತಾಗಾಕಿಲ್ಲ" ಎಂದೆ. ಅವನು ಮತ್ತೆ ಮುಖ ಇಳಿಸಿದ.

ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ದಿನವೂ ಹರಿಗೋಲು ಹತ್ತುತ್ತಿದ್ದೆ. ಹೇಳಬೇಕಾದ್ದು ಈಗ ಎರಡಾಗಿತ್ತು. ತೇಪೆ ಹಾಕಿದ್ದು ಒಂದು, ಮುಳುಗಿದ ಜಾಗ ಗೊತ್ತಿದ್ದೂ ಮುಚ್ಚಿಟ್ಟಿದ್ದು ಇನ್ನೊಂದು. ಮೊದಲನೆಯದಕ್ಕೆ ಬೈಯುತ್ತಿದ್ದ. ಎರಡನೆಯದಕ್ಕೆ ಏನು ಮಾಡುತ್ತಿದ್ದ ಎಂದು ನನಗೆ ಊಹಿಸಲಾಗಲಿಲ್ಲ.

ಒಂದು ಮಧ್ಯಾಹ್ನ ಗಾಳಿ ನನ್ನ ಕೈ ಮೀರಿತು. ಹರಿಗೋಲು ತೂಬಿನ ಕಡೆಗೆ ಜಾರಿತು. ನಾನು ಹುಟ್ಟು ಒತ್ತುತ್ತಿರುವಾಗಲೇ ಹಗ್ಗ ಜಗ್ಗಿತು, ಒಂದು ಸಲ. ನಿಲ್ಲಿಸಲಿಲ್ಲ. ಮತ್ತೆ ಜಗ್ಗಿತು. ಅವನು ತಲೆ ಎತ್ತಿ ಕೂಗಿದ:

"ನಿಲ್ಸಣ್ಣ! ಏನೋ ನೀಲಿ ಕಾಣ್ತು. ಜಾಲಿ ಮಧ್ಯೆ, ಕೆಳಗೆ."

"ಗೊಬ್ಬರದ ಚೀಲ ಇರ್ಬೇಕು ಕಣ್ಲಾ. ಗಾಳಿ ಬತ್ತಾ ಐತೆ, ಹಲಗೆ ಹಿಡ್ಕೊ."

"ಒಂದ್ಸಲ ಮುಳುಗಿ ನೋಡ್ತೀನಿ."

"ಜಾಲಿ ಮುಳ್ಳಾಗೆ ಸಿಕ್ಕಾಕ್ಕೊಂಡ್ರೆ ನಾನು ಇಳ್ದು ಬಿಡಿಸ್ಲಾ? ನಂಗೆ ಅಷ್ಟು ಈಜು ಬತ್ತದಾ? ಸತ್ತೋಯ್ತೀಯ. ನಾಳಿಕ್ ಬರೋಣ."

ಅವನು ನನ್ನನ್ನು ನೋಡಿದ. ನೀರು ಇಳಿಯುತ್ತಿದ್ದ ಗಾಜಿನ ಹಿಂದೆ ಅವನ ಕಣ್ಣುಗಳು ದೊಡ್ಡವಾಗಿ ಕಾಣುತ್ತಿದ್ದವು. "ಜಾಗ ಗುರುತಿಟ್ಕೊ ಅಣ್ಣ" ಎಂದ. ತೂಬಿನ ಕಂಬ, ಬೆಟ್ಟದ ಮೂಗು. ನನಗೆ ಗುರುತಿಡುವುದೇನೂ ಇರಲಿಲ್ಲ. ಮಾರನೆಯ ದಿನ ಅವನನ್ನು ಅಲ್ಲಿಂದ ಒಂದು ಹೊಲದಷ್ಟು ಆಚೆಗೆ ಎಳೆದುಕೊಂಡು ಹೋಗಿ, ಇದೇ ಜಾಗ ಎಂದೆ. ಸಂಜೆಯವರೆಗೂ ಅವನು ಅಲ್ಲೇ ಮುಳುಗಿದ, ಎದ್ದ, ಮುಳುಗಿದ. ಕೊನೆಗೆ ಒಂದು ಗೊಬ್ಬರದ ಚೀಲ ಸಿಕ್ಕಿತು, ಬಿಳಿಯದು. ಅದನ್ನು ಹರಿಗೋಲಿಗೆ ಎಸೆದು, "ನೀನೇಳಿದ್ದೇ ಸರಿ" ಎಂದ.

ಅಷ್ಟು ಹೊತ್ತು ಮುಳುಗಿದ್ದಕ್ಕೋ, ಆ ನೀರಿಗೋ, ಅವನ ಎಡಗಿವಿ ಕೀವಾಯಿತು. ಮೊದಮೊದಲು ಬಿಸಿ ಎಣ್ಣೆ ಬಿಟ್ಟುಕೊಂಡ. ಮಧುಗಿರಿಯಲ್ಲಿ ಡಾಕ್ಟರಿಗೆ ತೋರಿಸುವ ಹೊತ್ತಿಗೆ ಕಿವಿಯ ತಮಟೆ ಹರಿದಿತ್ತು. ಇನ್ನು ನೀರಿಗಿಳಿಯಬೇಡ ಎಂದರು. ಆ ಕಿವಿ ಮತ್ತೆ ಕೇಳಲಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಸದ್ದು ಯಾವ ಕಡೆಯದು ಎಂದು ತಿಳಿಯದೆ ಉಲ್ಟಾ ದಿಕ್ಕಿಗೆ ತಿರುಗುತ್ತಿದ್ದ. ಬೇಸಿಗೆಗೆ ಮೊದಲೇ ಒಂದು ಬೆಳಿಗ್ಗೆ ಬ್ಯಾಗ್ ಹಿಡಿದು ಹೊರಟ. ಓಡಿಹೋದ ಎಂದು ಊರು ಹೇಳಿತು. ಕಡಲ ಕೆಲಸವೂ ಅವನಿಗೆ ಉಳಿದಿರಲಿಲ್ಲ, ನೀರಿಗಿಳಿಯದವನು ಅಲ್ಲಿ ಏತಕ್ಕೆ? ದಡದಲ್ಲಿ ದೋಣಿ ತೊಳೆಯುವ ಕೆಲಸ ಮಾಡಿಕೊಂಡಿದ್ದ.

ನಮ್ಮ ಸೀಮೆಯ ಕೆರೆಯಲ್ಲಿ ಒಂದು ವಸ್ತುವನ್ನು ಎಷ್ಟು ದಿನ ಮುಚ್ಚಿಡಬಹುದು? ಹುಟ್ಟಿದಾಗಿನಿಂದ ಒಣಗಿದ ಕೆರೆಯಲ್ಲೇ ಓಡಾಡಿದವನು ನಾನು. ಆದರೂ ಕೋಡಿಯ ನೀರು ಕಂಡ ಮೇಲೆ ಅದು ಇನ್ನು ಹಾಗೇ ಇರುತ್ತದೆ ಎಂದು ನಂಬಿಬಿಟ್ಟಿದ್ದೆ. ಎರಡು ಮಳೆಗಾಲ ಕೈಕೊಟ್ಟವು. ನೀರು ಹಿಂದೆ ಹಿಂದೆ ಹೋಯಿತು. ಅಂಗಡಿ ಬಾಗಿಲು ಹಾಕಿ ದಿನವೂ ಸಂಜೆ ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದೆ. ಮೊದಲು ಜಾಲಿಯ ತುದಿಗಳು ಕಂಡವು. ಒಂದು ದಿನ ಕುರಿ ಮೇಯಿಸುವ ಅಜ್ಜಿಯೊಬ್ಬಳು ಏದುಸಿರು ಬಿಡುತ್ತಾ ನನ್ನ ಅಂಗಡಿಗೇ ಬಂದಳು. "ಬಾರೋ ಮಗ, ನಿನ್ ತೆಪ್ಪ ಎದ್ದೈತೆ! ತೂಬಿನ್ ನೇರಕ್ಕೇ ಐತೆ! ಅಮ್ಮನ ಕಿರೀಟ ಮಿಣಮಿಣ ಅಂತೈತೆ!"

ಅಮ್ಮ ಬಿದಿರಿಗೆ ಆತುಕೊಂಡೇ ಇದ್ದಳು. ಸೊಂಟಕ್ಕೆ ತಮ್ಮನ ಟವೆಲ್, ಮಣ್ಣಿನ ಬಣ್ಣ, ಗಂಟು ಮಾತ್ರ ಬಿಗಿಯಾಗಿತ್ತು. ಪೂಜಾರಪ್ಪ ಕೆಸರಿನಲ್ಲೇ ಮಂಡಿಯೂರಿ ಅತ್ತರು. ಅವನು ಬರುವವರೆಗೂ ಬಿಚ್ಚಬಾರದು, ಅವನೇ ಬಿಚ್ಚಬೇಕು ಎಂದು ಯಜಮಾನರು ಹೇಳಿದರು. ಫೋನ್ ಮಾಡಿದೆ. "ಎಲ್ಲಿತ್ತು?" ಎಂದ. ನಾನು "ಬಾ, ನೋಡುವಂತೆ" ಎಂದೆ.

ಬಂದ. ಊರೆಲ್ಲ ಕೆರೆಯಂಗಳದಲ್ಲಿ ನಿಂತಿತ್ತು. ಅವನು ಗಂಟು ಬಿಚ್ಚಿ ಅಮ್ಮನನ್ನು ಪೂಜಾರಪ್ಪನ ಕೈಗೆ ಕೊಟ್ಟ. ಜನ ಮೂರ್ತಿಯ ಹಿಂದೆ ಹೋದರು. ಅವನು ಹೋಗಲಿಲ್ಲ. ಮೊದಲು ತೂಬಿನ ಕಂಬ ನೋಡಿದ, ಆಮೇಲೆ ಬೆಟ್ಟ ನೋಡಿದ. ಏರಿಯಿಂದ ಇಲ್ಲಿಯವರೆಗೆ ಎಷ್ಟು ದೂರ ಎಂದು ಕಣ್ಣಿನಲ್ಲೇ ಅಳೆದ. ನಾನು ಪಕ್ಕದಲ್ಲಿದ್ದೆ.

"ನೀಲಿ ಕಂಡಿದ್ದು ಇಲ್ಲೇ ಅಲ್ವಾ ಅಣ್ಣ?"

ಅವನು ತೆಪ್ಪದ ಮೂಲೆಗೆ ಹೋಗಿ ಕೂತ. ಡ್ರಮ್ಮಿನ ತಳ ಒರೆಸಿದ. ತೇಪೆ ಅರ್ಧ ಎದ್ದು, ಅರ್ಧ ಅಂಟಿಕೊಂಡಿತ್ತು. ಬೆರಳು ಹಾಕಿ ಪೂರ್ತಿ ಕಿತ್ತ. ಮಡಚಿ ಶರ್ಟಿನ ಜೇಬಿಗೆ ಹಾಕಿಕೊಂಡ.

ಗುಡಿಯ ಮುಂದೆ ಯಜಮಾನರು ಅವನ ಹೆಗಲಿಗೆ ಶಾಲು ಹಾಕಿ, "ಕದ್ದಿಲ್ಲ ಅಂತ ಅಮ್ಮನೇ ತೋರ್ಸ್‌ಬುಟ್ಲು ಕಣಪ್ಪ. ನಡ್ಸಾಕ್ ಬರ್ದೆ ಮುಳುಗ್ಸ್‌ದೆ, ಅಷ್ಟೇಯ. ಅಣ್ಣ ಕಟ್ಟಿದ್ ಗಂಟು ನೋಡು, ಇನ್ನೂ ಒಂದೂ ಸಡ್ಲಿಲ್ಲ" ಎಂದರು. ಅವನು "ಹೌದು, ನಂದೇ ತಪ್ಪು" ಎಂದ. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು.

ಊಟಕ್ಕೂ ನಿಲ್ಲದೆ ಅವನು ಹೊರಟ. ಬಡವನಹಳ್ಳಿಯ ಬಸ್ ನಿಲ್ದಾಣದಲ್ಲಿ ಶಿರಾ ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತೆವು. ಆಗ ಹೇಳಿದೆ. ತೊಟ್ಟಿಯಲ್ಲಿ ಎದ್ದ ಗುಳ್ಳೆ, ಸಲ್ಯೂಷನ್, ಮಳೆಯಲ್ಲಿ ಕಂಡ ಜಾಗ, ಓರೆ ಮಾಡಿದ ಹುಟ್ಟು, ಜಗ್ಗಿದ ಹಗ್ಗ, ಒಂದೂ ಬಿಡದೆ ಎಲ್ಲಾ ಹೇಳಿದೆ. ಸಣ್ಣ ದನಿಯಲ್ಲಿ ಹೇಳಿದೆ. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಅವನು ರಸ್ತೆಯ ಕಡೆಗೇ ನೋಡುತ್ತಾ ಕೂತಿದ್ದ. ಬಸ್ಸು ಬಂದಾಗ ನನ್ನ ಕಡೆ ತಿರುಗಿ, "ಏನಾದ್ರೂ ಅಂದ್ಯಾ?" ಎಂದ.

ನಾನು ಕೂತಿದ್ದದ್ದು ಅವನ ಎಡಕ್ಕೆ. ಯಾವ ಕಿವಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಂಚಿನ ಬಲಗಡೆ ಜಾಗ ಖಾಲಿಯಿತ್ತು.

"ಏನಿಲ್ಲ, ಹುಷಾರಾಗ್ ಹೋಗು ಅಂದೆ" ಎಂದೆ.

ಆಮೇಲೆ ಅವನು ಬಂದಿಲ್ಲ. ಫೋನ್ ಎತ್ತುತ್ತಾನೆ, ಕ್ಷೇಮ ಕೇಳುತ್ತಾನೆ, ಇಡುತ್ತಾನೆ. ಮೊನ್ನೆ ಮುಂಗಾರು ಶುರುವಾಗುವ ಮೊದಲೇ ಹಳ್ಳದಲ್ಲಿ ನೀರು ಹರಿಯಿತು. ಯಜಮಾನರೊಬ್ಬರು ಸೈಕಲ್‌ಗೆ ಗಾಳಿ ಹಾಕಿಸಿಕೊಳ್ಳಲು ಬಂದವರು, "ಈ ಸಲ ತುಂಬಂಗೈತೆ ಕಣಪ್ಪ. ಈಗ್ಲೇ ಬಿದ್ರು ನೋಡಿಟ್ಕೊ. ತಮ್ಮಂಗೂ ಒಂದ್ ಮಾತು ಹೇಳಿರು" ಎಂದರು. ಪಂಪ್ ಒತ್ತುತ್ತಾ "ಆಗ್ಲಿ" ಎಂದೆ. ಗಾಳಿ ಜಾಸ್ತಿಯಾಯಿತು ಎಂದು ಅವರೇ ನನ್ನ ಕೈ ಹಿಡಿದು ನಿಲ್ಲಿಸಿದರು.